ದೇವರು ಬದು ನೋಡ್ಕೊಂಡು ಆಶೀರ್ವಾದ ಮಾಡ್ತಾನಾ?

ಈ ಪ್ರಕರಣ ಬರೆಯಬೇಕೋ ಬೇಡವೋ ಅಂತ ಸುಮಾರು ದಿನ ಹಿಂದೆಮುಂದೆ ನೋಡಿದೆ. ಕೊನೆಗೆ ಬರೆಯಲು ಕೂತದ್ದು ಯಾಕೆಂದರೆ, ಎರಡು ವರ್ಷದಲ್ಲಿ ಇದೇ ಸಂಕಟ ಹೊತ್ತು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದವರಲ್ಲಿ ಇವರು ನಾಲ್ಕನೆಯವರು. ಒಬ್ಬರಿಗೆ ಮಗಳ ಮದುವೆ ಮುರಿದದ್ದು, ಒಬ್ಬರಿಗೆ ಕೆಲಸ ಹೋದದ್ದು, ಇನ್ನೊಬ್ಬರಿಗೆ ಗಂಡನ ಡಯಾಲಿಸಿಸ್. ಕಥೆ ಬೇರೆ ಬೇರೆ. ಒಳಗೆ ಕೊರೆಯುವ ಮಾತು ಮಾತ್ರ ಒಂದೇ: "ನಾನು ನಂಬಿದ್ದೆ, ಬೇಡಿಕೊಂಡಿದ್ದೆ, ಆದರೂ ಹೀಗಾಯ್ತು. ಅಂದ್ರೆ ನನ್ನಲ್ಲೇ ಏನೋ ತಪ್ಪಿರಬೇಕು."

ಬರೆಯಲು ಇವರು ಒಪ್ಪಿಗೆ ಕೊಟ್ಟಿದ್ದಾರೆ. ಊರು, ವಯಸ್ಸು, ಮನೆಯವರ ಲೆಕ್ಕ ಎಲ್ಲ ಬದಲಿಸಿದ್ದೇನೆ. ಟೊಮ್ಯಾಟೊ ಮಾತ್ರ ಬದಲಿಸಿಲ್ಲ. ಕೋಲಾರ ಜಿಲ್ಲೆಯಲ್ಲಿ ಟೊಮ್ಯಾಟೊ ಬೆಳೆದು ಕೈ ಸುಟ್ಟುಕೊಂಡವರು ಅಂದರೆ ಯಾರನ್ನು ಅಂತ ಗುರುತು ಹಿಡಿಯುತ್ತೀರಿ?

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಕ್ರೈಸ್ತಳಲ್ಲ. ಮಿಷನ್ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ಕ್ರಿಸ್‌ಮಸ್ ನಾಟಕದಲ್ಲಿ ಕುರುಬನ ಪಾರ್ಟು ಮಾಡಿದವಳು, ಅಷ್ಟೇ. ಈಗಲೂ ಕೋಲಾರಮ್ಮನಿಗೆ ಕೈಮುಗಿಯುವವಳು. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ, ಯಾಕೆಂದರೆ ಈ ಪ್ರಕರಣದಲ್ಲಿ ಎರಡೂ ಕಡೆಯಿಂದ ಬೈಸಿಕೊಂಡಿದ್ದೇನೆ.

ಅವರನ್ನು ಇಲ್ಲಿ ಯಜಮಾನರು ಅಂತ ಕರೆಯುತ್ತೇನೆ. ಐವತ್ತು ದಾಟಿದವರು. ಮೂರೂವರೆ ಎಕರೆ, ಒಂದು ಬೋರು, ಅದೂ ಸಾವಿರದ ಮುನ್ನೂರು ಅಡಿ ಇಳಿದದ್ದು. ಬೆಂಗಳೂರಿನ ಸಂಸ್ಕರಿಸಿದ ನೀರು ಕೆಸಿ ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಲ್ಲ, ಆ ಸಾಲಿನಲ್ಲಿ ಇವರ ಕೆರೆ ಇಲ್ಲ. ಅಜ್ಜನ ಕಾಲದಿಂದ ಕ್ರೈಸ್ತರು. ಸಣ್ಣ ಸಭೆ, ನಲವತ್ತು ಮನೆ ಇರಬಹುದು, ಎಲ್ಲ ಒಂದಲ್ಲ ಒಂದು ರೀತಿ ನೆಂಟರೇ. ಭಾನುವಾರ ಚರ್ಚಿನ ಬಾಗಿಲು ತೆಗೆಯೋದು, ಗಂಟೆ ಹೊಡೆಯೋದು, ಬೆಂಚು ಒರೆಸೋದು ಇವರ ಕೆಲಸ. ಇಪ್ಪತ್ತು ವರ್ಷ ಮಾಡಿದ್ದರು. 2023ರ ಆಗಸ್ಟಿನಲ್ಲಿ ಬೀಗದ ಕೈ ಇನ್ನೊಬ್ಬರ ಮನೆಗೆ ಕಳಿಸಿ ಸುಮ್ಮನಾದರು.

2023ರ ಜುಲೈ ನೆನಪಿದೆ ಅಲ್ವಾ? ಹದಿನೈದು ಕೆಜಿ ಟೊಮ್ಯಾಟೊ ಬಾಕ್ಸು ಕೋಲಾರ ಮಾರುಕಟ್ಟೆಯಲ್ಲಿ ಎರಡು ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಇದ್ದರು ಜನ. ಅದೇ ಟೊಮ್ಯಾಟೊವನ್ನು ಬೇರೆ ವರ್ಷಗಳಲ್ಲಿ ಇದೇ ರಸ್ತೆ ಬದಿಗೆ ಸುರಿದು ಹೋಗಿದ್ದಾರೆ. ಇವರ ಪಕ್ಕದ ತೋಟ ಚಿಕ್ಕಪ್ಪನ ಮಗನದು. ಅವನು ಒಂದು ತಿಂಗಳು ಮುಂಚೆ ನೆಟ್ಟಿದ್ದ. ಅವನ ಕಾಯಿ ಬಿಡಿಸುವ ಹೊತ್ತಿಗೆ ಚಿನ್ನದ ರೇಟು. ಇವರದು ಹೂವು ಬಿಡುವ ಹೊತ್ತಿಗೆ ಬಿಳಿ ನೊಣ ಬಂತು, ಎಲೆ ಮುದುಡಿತು, ಗಿಡ ಮೊಣಕಾಲುದ್ದಕ್ಕೇ ನಿಂತುಬಿಟ್ಟಿತು. ಕೋಲು, ದಾರ, ಡ್ರಿಪ್ಪು, ಮಲ್ಚಿಂಗ್ ಪೇಪರು ಎಲ್ಲ ಸಾಲದ್ದು. ಹೆಂಡತಿಯ ಒಡವೆ ಬ್ಯಾಂಕಿನಲ್ಲಿ.

ಆಗಸ್ಟಿನ ಒಂದು ಭಾನುವಾರ ಆರಾಧನೆ ಮುಗಿಯುವಾಗ ಚಿಕ್ಕಪ್ಪನ ಮಗ ಎದ್ದು ಸಾಕ್ಷಿ ಹೇಳಿದ. ಕರ್ತನು ನಮ್ಮ ತೋಟವನ್ನು ಆಶೀರ್ವದಿಸಿದ, ಸಾಲ ತೀರಿತು, ಟ್ರ್ಯಾಕ್ಟರ್ ತಗೊಂಡ್ವಿ ಅಂತ. ಸಭೆ ಪೂರ್ತಿ ಹಲ್ಲೆಲೂಯ ಅಂದಿತು. ಯಜಮಾನರೂ ಅಂದರು. ಆಮೇಲೆ ಅವರ ಬಾಯಿಂದ ಪ್ರಾರ್ಥನೆ ಅಂತ ಒಂದು ಮಾತು ಬಂದಿರಲಿಲ್ಲ.

ನನ್ನ ಹತ್ತಿರ ಬಂದದ್ದು 2024ರ ಫೆಬ್ರವರಿಯಲ್ಲಿ, ಹೆಂಡತಿ ಕರೆದುಕೊಂಡು ಬಂದರು. ರಾತ್ರಿ ಎರಡು ಗಂಟೆಗೆ ಎದ್ದು ತೋಟದಲ್ಲಿ ಕೂರುತ್ತಾರೆ, ಮುದ್ದೆ ಅರ್ಧಕ್ಕೇ ಬಿಡುತ್ತಾರೆ, ಷರ್ಟು ಹ್ಯಾಂಗರಿಗೆ ಹಾಕಿದ ಹಾಗೆ ಕಾಣುತ್ತೆ ನೋಡಿ ಅಂದರು. ಮೊದಲ ಎರಡು ಭೇಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು. ಮೊದಲ ದಿನವೇ ನೇರವಾಗಿ ಕೇಳಿದೆ, "ಸಾಯಬೇಕು ಅಂತ ಅನ್ನಿಸುತ್ತಾ ಯಜಮಾನ್ರೇ?" ಅವರು ಗೋಡೆ ನೋಡಿದರು. ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡರು. "ತೋಟಕ್ಕೆ ಹೊಡೆಯೋ ಔಷಧಿ ಎಲ್ಲಿಟ್ಟಿದ್ದೀರಿ?" ಅಂತ ಮುಂದಿನ ಪ್ರಶ್ನೆ. ಮನೆಯಲ್ಲೇ ಇತ್ತು. ಅದೇ ಸಂಜೆ ಅದು ಹೆಂಡತಿಯ ಅಣ್ಣನ ಮನೆಗೆ ಹೋಯಿತು, ಬೀಗ ಹಾಕಿದ ರೂಮಿಗೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಹಗುರಾಗಿ ನಿಟ್ಟುಸಿರು ಬಿಡುತ್ತಾರೆ, ಅಷ್ಟೇ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಕೇಳಿ, ಔಷಧಿ ಡಬ್ಬ ದೂರ ಇಡಿ, ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತಾರೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೋವೈದ್ಯರ ಹತ್ತಿರ ಕಳಿಸಿದೆ. ಹೋದರು, ಗುಳಿಗೆ ಬರೆಸಿಕೊಂಡರು, ನುಂಗಲಿಲ್ಲ. ಅದು ನನಗೆ ಮೂರನೇ ಭೇಟಿಯಲ್ಲಿ ಗೊತ್ತಾಯಿತು.

ಮೂರನೇ ಸಲ ಬಂದಾಗ ಬೀಜದ ಕಂಪನಿಯವರು ಕೊಡುವ ಬಟ್ಟೆ ಚೀಲದಲ್ಲಿ ಒಂದು ಬೈಬಲ್ ತಂದಿದ್ದರು. ಸತ್ಯವೇದ ಅನ್ನುತ್ತಾರೆ ಅವರ ಮನೆಯಲ್ಲಿ. ರಟ್ಟಿಗೆ ಇನ್ಸುಲೇಷನ್ ಟೇಪು ಸುತ್ತಿದ್ದರು. ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. ಪೊಲೀಸ್ ಸ್ಟೇಷನ್ನಿನಲ್ಲಿ ಸಾಕ್ಷಿ ವಸ್ತು ಒಪ್ಪಿಸುತ್ತಾರಲ್ಲ, ಹಾಗೆ. "ಓದಿ ಮೇಡಂ, ಕೆಂಪು ಇಂಕು ಹಾಕಿರೋದು."

ಮಲಾಕಿಯ ಪುಸ್ತಕ, ಮೂರನೇ ಅಧ್ಯಾಯ. ಹತ್ತನೇ ವಚನದಲ್ಲಿ, ಹತ್ತರಲ್ಲೊಂದು ಪಾಲು ಪೂರ್ತಿ ತಂದುಕೊಡಿ, ನಾನು ಸ್ಥಳ ಸಾಲದಷ್ಟು ಆಶೀರ್ವಾದ ಸುರಿಯುತ್ತೇನೋ ಇಲ್ಲವೋ ಪರೀಕ್ಷೆ ಮಾಡಿ ನೋಡಿ ಅನ್ನುತ್ತಾನೆ ದೇವರು. ಹನ್ನೊಂದರಲ್ಲಿ, ಬೆಳೆ ತಿನ್ನುವ ಹುಳವನ್ನು ನಿಮಗೋಸ್ಕರ ಗದರಿಸುತ್ತೇನೆ ಅನ್ನುತ್ತಾನೆ. ನಾನು ಎರಡು ಸಲ ಓದಿದೆ. ಒಬ್ಬ ರೈತ ಈ ಮಾತನ್ನು ಹೇಗೆ ಓದಿರಬಹುದು ಅಂತ ಯೋಚಿಸಿ. ಹುಳ ಅಂತಲೇ ಬರೆದಿದೆ.

"ಹಿಂದಿನ ಬೆಳೇಲಿ ಹತ್ತರಲ್ಲೊಂದು ಕೊಟ್ಟಿದ್ದೆ ಮೇಡಂ. ಬಾಡಿಗೆ, ಕೂಲಿ ಕಳೆಯೋದಕ್ಕೆ ಮುಂಚೆನೇ ಕೊಟ್ಟೆ. ಅವನು ಕೊಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳೋದಿಲ್ಲ. ಅವನ ತೋಟಕ್ಕೂ ನಮ್ಮ ತೋಟಕ್ಕೂ ಮಧ್ಯೆ ಒಂದು ಬದು. ನನ್ನ ಕಾಲಲ್ಲಿ ಎರಡು ಹೆಜ್ಜೆ. ದೇವರು ಬದು ನೋಡ್ಕೊಂಡು ಆಶೀರ್ವಾದ ಮಾಡ್ತಾನಾ?"

ಇಲ್ಲಿ ನಾನೊಂದು ತಪ್ಪು ಮಾಡಿದೆ. ಬಿಳಿ ನೊಣ, ವೈರಸ್ಸು, ನೆಟ್ಟ ತಿಂಗಳು ಅಂತ ವಿವರಿಸಲು ಹೊರಟೆ. ಅವರು ಕೈ ಎತ್ತಿ ನಿಲ್ಲಿಸಿದರು. "ಅದು ನಿಮಗಿಂತ ಚೆನ್ನಾಗಿ ನನಗೆ ಗೊತ್ತು. ಅವನು ಮೊದಲು ನೆಟ್ಟ, ಬಚಾವಾದ. ನಾನು ಕೇಳಿದ್ದು ಅದಲ್ಲ."

ಸರಿಯೇ. ಅವರು ಕೇಳಿದ್ದು ಅದಲ್ಲ. ಅವರ ಪ್ರಶ್ನೆ ನೊಣದ ಮೇಲಲ್ಲ, ದೇವರ ಮೇಲೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಹೊತ್ತಿನಲ್ಲಿ ನನ್ನ ಮುಂದೆ ಎರಡು ಸುಲಭದ ದಾರಿ ಇದ್ದವು. ಒಂದು, "ಇದೆಲ್ಲ ಬಿಡಿ ಯಜಮಾನ್ರೇ, ಗುಳಿಗೆ ನುಂಗಿ" ಅನ್ನೋದು. ಇನ್ನೊಂದು, "ದೇವರ ಮೇಲೆ ಭಾರ ಹಾಕಿ, ಎಲ್ಲ ಒಳ್ಳೇದಕ್ಕೇ" ಅನ್ನೋದು. ಎರಡನೆಯದನ್ನು ಅವರು ಆಗಲೇ ಮೂವತ್ತು ಜನರ ಬಾಯಲ್ಲಿ ಕೇಳಿದ್ದರು. ಒಬ್ಬರು ಮನೆಗೆ ಬಂದು "ಯಾವುದಾದರೂ ಒಪ್ಪಿಕೊಳ್ಳದ ಪಾಪ ಇದೆಯಾ ನೋಡ್ಕೊಳಪ್ಪ" ಅಂತಲೂ ಹೇಳಿ ಹೋಗಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಮುಳುಗುತ್ತಿರುವವನ ತಲೆ ಮೇಲೆ ಕೈ ಇಟ್ಟರೆ ಅದು ಆಶೀರ್ವಾದವೋ ಅದುಮೋದೋ, ಇಡುವವರಿಗೆ ಗೊತ್ತಾಗೋದಿಲ್ಲ.

"ಈ ಪ್ರಶ್ನೇನ ದೇವರನ್ನೇ ಕೇಳಿದ್ದೀರಾ?" ಅಂದೆ.

ಬೆಚ್ಚಿಬಿದ್ದರು. "ಅಯ್ಯೋ, ಹಾಗೆಲ್ಲ ಕೇಳಬಾರದು ಮೇಡಂ. ಗೊಣಗೋದು ಪಾಪ."

"ಹಾಗಂತ ಎಲ್ಲಿ ಬರೆದಿದೆ?"

ಹೇಳಲಿಲ್ಲ. ಆಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಮೊದಲೇ ಯೋಚಿಸಿದ್ದಲ್ಲ: "ಒಂದು ಕೆಲಸ ಮಾಡಿ. ನಿಮ್ಮ ಸತ್ಯವೇದದಲ್ಲಿ ದೇವರ ಜೊತೆ ಜಗಳ ಆಡಿದವರು ಯಾರಾದರೂ ಇದ್ದಾರಾ ಹುಡುಕಿಕೊಂಡು ಬನ್ನಿ. ಇಲ್ಲದಿದ್ದರೆ ಇಲ್ಲ. ಇದ್ದರೆ ಹೆಸರು ಬರೆದುಕೊಂಡು ಬನ್ನಿ. ಅಲ್ಲಿವರೆಗೆ ಆ ಗುಳಿಗೆ ಮಾತ್ರ ದಿನಾ ನುಂಗಿ, ಅದು ನನಗೋಸ್ಕರ."

ಹತ್ತು ದಿನ ಬಿಟ್ಟು ಬಂದರು. ಆ ದಿನದ ಬಗ್ಗೆ ಹೇಳಬೇಕೆಂದೇ ಇಷ್ಟೆಲ್ಲ ಬರೆದೆ.

ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತರು. ಇವರು ಒಳಗೆ ಬಂದು, ಷರ್ಟಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಳದಿ ಚೀಟಿ ತೆಗೆದರು. ಮಂಡಿ ಚೀಟಿ. ಒಂದು ಕಡೆ ಬಾಕ್ಸಿನ ಲೆಕ್ಕ, ಕಮಿಷನ್, ಹಮಾಲಿ. ಇನ್ನೊಂದು ಕಡೆ ಪೆನ್ಸಿಲ್ಲಿನಲ್ಲಿ ಹೆಸರುಗಳು. ದಪ್ಪ ಅಕ್ಷರ, ಬರೆದು ರೂಢಿ ತಪ್ಪಿದವರ ಕೈ.

ಯೋಬ. ಯೆರೆಮೀಯ. ಎಲೀಯ. ಯೋನ. ಹಬಕ್ಕೂಕ. ಕೀರ್ತನೆ 13. ಕೀರ್ತನೆ 88. ಹೆಸರುಗಳೆಲ್ಲ ಬೈಬಲ್ಲಿನ ಹಳೆಯ ಭಕ್ತರದು, ಪ್ರವಾದಿಗಳದು. ಕೀರ್ತನೆ ಅಂದರೆ ಅದರೊಳಗಿನ ಪ್ರಾರ್ಥನೆಯ ಹಾಡು.

"ಇಷ್ಟೊಂದು ಜನ ಇದ್ದಾರೆ ಅಂತ ನನಗೇ ಗೊತ್ತಿರಲಿಲ್ಲ" ಅಂದರು. ದನಿ ಬೇರೆ ಥರ ಇತ್ತು. ಹತ್ತು ದಿನ ಗುಳಿಗೆ ನುಂಗಿದ್ದರಿಂದ ನಿದ್ದೆಯೂ ಸ್ವಲ್ಪ ಬಂದಿತ್ತು, ಅದನ್ನು ಮರೆಮಾಚುವುದಿಲ್ಲ. "ಯೋಬನ ಕಥೆ ಗೊತ್ತಿತ್ತು, ತಾಳ್ಮೆ ಇರೋನು ಅಂತ. ಓದಿದರೆ ಮೇಡಂ, ಮೂರನೇ ಅಧ್ಯಾಯದಿಂದ ಹುಟ್ಟಿದ ದಿನಕ್ಕೇ ಶಾಪ ಹಾಕ್ತಾನೆ. ಯೆರೆಮೀಯನೂ ಹಂಗೇ. ಕೀರ್ತನೆ 88 ಇದೆಯಲ್ಲ, ಅದು ಮುಗಿಯೋದೇ ಕತ್ತಲೇಲಿ. ಕೊನೇಲಿ ಸ್ತೋತ್ರ ಇಲ್ಲ, ಆಶೀರ್ವಾದ ಇಲ್ಲ, ಕತ್ತಲು ಅಂತ ಹೇಳಿ ನಿಲ್ಲಿಸಿಬಿಡ್ತಾನೆ. ಮತ್ತೆ ಅದನ್ನ ಯಾಕೆ ಸತ್ಯವೇದದಲ್ಲಿ ಇಟ್ಟಿದ್ದಾರೆ?"

"ನೀವೇ ಹೇಳಿ, ಯಾಕಿರಬಹುದು?"

"ಬೇಕಾಗುತ್ತೆ ಅಂತ" ಅಂದರು.

ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು. ಕೆಳಗಿನ ಝೆರಾಕ್ಸ್ ಅಂಗಡಿಯ ಮೆಷಿನ್ನು ಗುಂಯ್ ಅನ್ನುತ್ತಿತ್ತು. ಕನ್ನಡದಲ್ಲಿ ಪೂರ್ತಿ ಬೈಬಲ್ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಅಂದರೆ ಹೆಚ್ಚುಕಡಿಮೆ ಇನ್ನೂರು ವರ್ಷದಿಂದ ಈ ಜಗಳಗಳೆಲ್ಲ ನಮ್ಮ ಭಾಷೆಯಲ್ಲೇ ಅಚ್ಚಾಗಿ ಮನೆ ಮನೆಯಲ್ಲಿ ಕೂತಿವೆ. ನೂರೈವತ್ತು ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಅಳಲೇ. ಆದರೆ ಗೋಡೆ ಕ್ಯಾಲೆಂಡರಿನಲ್ಲಿ ಬರೋದು 'ಯೆಹೋವನು ನನಗೆ ಕುರುಬನು' ಒಂದೇ. ನಾನು ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೂ ಅದೇ.

ಎಲೀಯನ ಕಥೆ ಅವರೇ ಹೇಳಿದರು. ರೈತ ಹೇಳುವ ಹಾಗೆ ಹೇಳಿದರು. "ಮೂರು ವರ್ಷ ಮಳೆ ಇಲ್ಲ. ಪ್ರಾರ್ಥನೆ ಮಾಡಿ ಮಳೆ ತಂದವನೂ ಅವನೇ. ಮಳೆ ಬಂದ ಮೇಲೇ ಅವನಿಗೆ ಸಾಯಬೇಕು ಅನ್ನಿಸೋದು, ನೋಡಿ. ಒಂದು ಗಿಡದ ಕೆಳಗೆ ಹೋಗಿ ಕೂತು, ಸಾಕು ದೇವರೇ, ಜೀವ ತಗೋ ಅಂತಾನೆ. ದೇವರು ಬೈಯ್ಯೋದಿಲ್ಲ ಮೇಡಂ. ನಂಬಿಕೆ ಎಲ್ಲೋಯ್ತು ಅಂತ ಕೇಳೋದಿಲ್ಲ. ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕಳಿಸ್ತಾನೆ. ತಿಂದು ಮಲಗ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿ... ಆಮೇಲೆ ಮಾತು." ಸ್ವಲ್ಪ ಹೊತ್ತು ಬಿಟ್ಟು, "ನೀವು ಗುಳಿಗೆ, ಊಟ, ನಿದ್ದೆ ಅಂದಾಗ ನಾನು ಈಯಮ್ಮನಿಗೆ ನಂಬಿಕೆ ಗಿಂಬಿಕೆ ಏನೂ ಇಲ್ಲ ಅಂದ್ಕೊಂಡೆ" ಅಂದು ನಕ್ಕರು. ನಾನು ನೋಡಿದ ಮೊದಲ ನಗು.

ಚೀಟಿ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಕೊನೆಯ ಮಡಿಕೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಮಾತಾಡುತ್ತಿದ್ದರು. ನಾನು ಅದನ್ನೇ ನೋಡುತ್ತಿದ್ದದ್ದು ಗೊತ್ತಾಗಿ ಬೆರಳು ತೆಗೆದರು.

ಅಲ್ಲಿ ಒಂದೇ ಹೆಸರಿತ್ತು. ಯೇಸು.

"ಇದನ್ನ ಬರೆಯೋಕೆ ಒಂದು ದಿನ ತಗೊಂಡೆ" ಅಂದರು. "ಪ್ರತಿ ವರ್ಷ ಶುಭ ಶುಕ್ರವಾರ ಕೇಳ್ತೀನಿ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ. ಬೆಂಚು ಒರೆಸಿ, ಗಂಟೆ ಹೊಡೆದು, ಕೊನೇ ಬೆಂಚಲ್ಲಿ ಕೂತು ಇಪ್ಪತ್ತು ವರ್ಷ ಕೇಳಿದ್ದೀನಿ. ಕಿವಿ ಮೇಲೆ ಬಿದ್ದಿರಲಿಲ್ಲ. ಆ ಯಾಕೆಗೆ ಮೇಲಿಂದ ಉತ್ತರ ಬರಲೇ ಇಲ್ಲ ಮೇಡಂ. ಶಿಲುಬೆ ಮೇಲಿದ್ದ ಮಗನಿಗೇ ಬರಲಿಲ್ಲ. ನನಗೆ ಬರಲಿಲ್ಲ ಅಂತ ನಾನು ಬೀಗದ ಕೈ ಕಳಿಸಿಬಿಟ್ಟೆ."

ಅತ್ತರು. ಬಹಳ ಹೊತ್ತು ಅತ್ತರು. ನಾನು ನೀರಿನ ಲೋಟ ಅವರ ಕಡೆ ಸರಿಸಿದೆ, ಇನ್ನೇನೂ ಮಾಡಲಿಲ್ಲ.

ಅತ್ತು ಮುಗಿದ ಮೇಲೆ ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲಿದೆ: "ನಾನು ಇಷ್ಟು ದಿನ ಅವನು ಬದುವಿನ ಆ ಕಡೆ ಇದ್ದಾನೆ ಅಂದ್ಕೊಂಡಿದ್ದೆ. ಟ್ರ್ಯಾಕ್ಟರ್ ಇರೋ ಕಡೆ. ಅವನು ಈ ಕಡೆನೂ ಇದ್ದನೇನೋ."

ಇದು ದೇವತಾಶಾಸ್ತ್ರ ಓದಿದವರಿಗೆ ಸಣ್ಣ ಮಾತಿರಬಹುದು. ರಾತ್ರಿ ಎರಡು ಗಂಟೆಗೆ ತೋಟದಲ್ಲಿ ಒಬ್ಬನೇ ಕೂರುವ ಮನುಷ್ಯನಿಗೆ, ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದಾರೆ ಅನ್ನಿಸೋದು ಸಣ್ಣದಲ್ಲ. ನಾನು ಕ್ರೈಸ್ತಳಲ್ಲದಿದ್ದರೂ ಅದು ನನಗೆ ಕಾಣಿಸಿತು.

ಹೊರಡುವ ಮುಂಚೆ ಚೀಟಿ ಮತ್ತೆ ನೋಡಿದೆ. ಒಂದು ಮೂಲೆಯಲ್ಲಿ ಬೇರೆ ಅಕ್ಷರ, ನೀಲಿ ಪೆನ್ನು: ನೊವೊಮಿ. "ಇದು ನೀವು ಬರೆದದ್ದಲ್ಲ" ಅಂದೆ. ಅವರಿಗೂ ಗೊತ್ತಿರಲಿಲ್ಲ. ಹೆಂಡತಿಯನ್ನು ಒಳಗೆ ಕರೆದೆವು. ರೂತಳ ಪುಸ್ತಕದಲ್ಲಿ ನೊವೊಮಿ ಅಂತ ಒಬ್ಬ ಹೆಂಗಸು, ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಊರಿಗೆ ವಾಪಸ್ ಬರುತ್ತಾಳೆ. ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ, ದೇವರು ನನ್ನ ಬಾಳು ಕಹಿ ಮಾಡಿದ ಅನ್ನುತ್ತಾಳೆ. "ನನಗೂ ಕೋಪ ಇತ್ತು ಮೇಡಂ" ಅಂದರು ಆಕೆ, ನೆಲ ನೋಡುತ್ತಾ. "ನನ್ನನ್ನ ಯಾರೂ ಕೇಳಲಿಲ್ಲ." ನಾಲ್ಕು ಭೇಟಿಯಲ್ಲಿ ನಾನೂ ಕೇಳಿರಲಿಲ್ಲ. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದೆ. ಔಷಧಿ ಡಬ್ಬ ಸಾಗಿಸಿದ್ದು ಅವರು, ಗುಳಿಗೆ ಎಣಿಸಿದ್ದು ಅವರು, ಒಡವೆ ಇಟ್ಟದ್ದೂ ಅವರದೇ. ಈ ತಪ್ಪು ನನ್ನದು. ಈಗ ಯಾರೇ ಬರಲಿ, ಜೊತೆಗೆ ಬಂದವರಿಗೂ ಅರ್ಧ ಗಂಟೆ ಇಡುತ್ತೇನೆ.

ಇನ್ನು ನಾನು ಕೊಟ್ಟ ಸಲಹೆಗಳು. ಗುಳಿಗೆಯನ್ನು ವೈದ್ಯರು ನಿಲ್ಲಿಸಿ ಅನ್ನುವವರೆಗೆ ನಿಲ್ಲಿಸಬಾರದು, ಚೆನ್ನಾಗಿ ಅನ್ನಿಸಿದರೂ. ಪ್ರಾರ್ಥನೆ ಮಾಡಬೇಕು ಅನ್ನಿಸಿದರೆ ಮಾಡಿ, ಆದರೆ ಮನಸ್ಸಿನಲ್ಲಿ ಇಲ್ಲದ ಸ್ತೋತ್ರ ಬೇಡ. ಬೆಳಿಗ್ಗೆ ಹತ್ತು ನಿಮಿಷ ದೂರು ಹೇಳಿ, ಕೀರ್ತನೆ ಓದಿ ಹೇಳಿದರೂ ಸರಿ. ಸಭೆಯ ಕೆಲವರು ಮೂರು ದಿನ ಉಪವಾಸ ಪ್ರಾರ್ಥನೆ ಇಡೋಣ ಅಂದಿದ್ದರು, ಅದಕ್ಕೆ ಖಂಡಿತ ಬೇಡ ಅಂದೆ. ಊಟ ಬಿಟ್ಟು ಸೊರಗಿರುವ ಮನುಷ್ಯನಿಗೆ ಉಪವಾಸ ಇನ್ನೇನು ಕೊಡುತ್ತೆ? ಅವರ ದೇವರೇ ಎಲೀಯನಿಗೆ ರೊಟ್ಟಿ ಕಳಿಸಿದ್ದಾನಲ್ಲ. ಸಾಲದ ಕಾಗದಗಳನ್ನೆಲ್ಲ ಒಂದು ದಿನ ಗಂಡ ಹೆಂಡತಿ ಕೂತು ನೆಲದ ಮೇಲೆ ಹರಡಿ ನೋಡಬೇಕು, ಯಾವುದನ್ನೂ ಬಚ್ಚಿಡಬಾರದು. ನೋಡಿದಾಗ ಮೊತ್ತ ಅವರು ಹೆದರಿದ್ದಕ್ಕಿಂತ ಕಡಿಮೆಯೇ ಇತ್ತು. ಸಹಕಾರ ಸಂಘದಲ್ಲಿ ಕಂತು ಮುಂದಕ್ಕೆ ಹಾಕಿಸಿಕೊಂಡರು. ಕೊನೆಯದು, ಒಂದು ವರ್ಷ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಡಿ ಅಂದೆ. ವಾಸಿಯಾಗುವ ಮುಂಚೆಯೇ ವಾಸಿಯಾಯಿತು ಅಂತ ಮೈಕಿನಲ್ಲಿ ಹೇಳಿ ಆಮೇಲೆ ಮನೆಯಲ್ಲಿ ಕುಸಿದವರನ್ನು ನೋಡಿದ್ದೇನೆ.

ಅವರ ಒಪ್ಪಿಗೆ ತೆಗೆದುಕೊಂಡು ಸಭಾಪಾಲಕರಿಗೂ ಫೋನ್ ಮಾಡಿದ್ದೆ. ಚಿಕ್ಕ ವಯಸ್ಸಿನವರು. ಮಲಾಕಿಯದ ಆ ವಚನ ಇಡೀ ಜನಾಂಗಕ್ಕೆ ಹೇಳಿದ್ದು, ಒಬ್ಬೊಬ್ಬರ ತೋಟದ ಲೆಕ್ಕಕ್ಕಲ್ಲ ಅಂತ ವಿವರಿಸಿದರು. ಆಮೇಲೆ ದನಿ ತಗ್ಗಿಸಿ, "ನಾನೂ ಆ ವಚನ ಬೋಧಿಸಿದ್ದೇನೆ ಮೇಡಂ. ಸ್ವಲ್ಪ ಜಾಸ್ತಿನೇ ಬೋಧಿಸಿದ್ದೇನೆ" ಅಂದರು. ಆ ಒಂದು ಮಾತಿಗೆ ಅವರ ಮೇಲೆ ಗೌರವ ಬಂತು.

ಈಗ ಬೈಗುಳದ ವಿಷಯ. ನನ್ನ ಜೊತೆ ಓದಿದ ಒಬ್ಬರು, ಅವರೂ ಆಪ್ತಸಲಹೆಗಾರರೇ, "ನೀನು ಪಾದ್ರಿನಾ? ಸೆಷನ್ನಿನಲ್ಲಿ ಧರ್ಮಗ್ರಂಥ ಯಾಕೆ?" ಅಂತ ಕೇಳಿದರು. ನನ್ನ ಉತ್ತರ ಸರಳ. ಬೈಬಲ್ ತಂದು ಮೇಜಿನ ಮೇಲಿಟ್ಟದ್ದು ಅವರು. ಅವರ ಅರ್ಧ ಕಾಯಿಲೆ ಅದರೊಳಗೆ ಕೆಂಪು ಇಂಕಿನಲ್ಲಿತ್ತು, ಅದನ್ನು ಬದಿಗಿಟ್ಟು ನಾನು ಬೇರೇನು ಮಾತಾಡಲಿ? ಒಬ್ಬ ಮನುಷ್ಯ ಐವತ್ತು ವರ್ಷ ಯಾವ ಭಾಷೆಯಲ್ಲಿ ಸುಖದುಃಖ ಯೋಚಿಸಿದ್ದಾನೋ ಅದೇ ಭಾಷೆಯಲ್ಲೇ ಅವನಿಗೆ ದಾರಿ ಕಾಣಬೇಕು. ನಾನು ಅರ್ಥ ಹೇಳಲಿಲ್ಲ, ಹುಡುಕಿಕೊಂಡು ಬನ್ನಿ ಅಂದೆ. ಅದೇ ಯಜಮಾನರು "ನನಗೆ ಇನ್ನು ನಂಬಿಕೆ ಬೇಡ" ಅಂದಿದ್ದರೆ ಅದಕ್ಕೂ ಸರಿ ಅನ್ನುತ್ತಿದ್ದೆ. ಅವರಿಗೆ ಬೇಕಿತ್ತು. ಬೇಡದವರು ಟೇಪು ಸುತ್ತಿಕೊಂಡು ಹೊತ್ತು ತರುತ್ತಾರಾ?

ಇನ್ನೊಂದು ಕಡೆಯಿಂದ, ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, "ನೀವು ಹೊರಗಿನವರು, ನಮ್ಮವನಿಗೆ ದೇವರ ಜೊತೆ ಜಗಳ ಕಲಿಸಿದ್ದೀರಿ" ಅಂದರು. ನಾನು ಕಲಿಸಿದ್ದಲ್ಲ ಸ್ವಾಮಿ, ನಿಮ್ಮ ಪುಸ್ತಕದಲ್ಲೇ ಇತ್ತು ಅಂದೆ. ಸ್ವಲ್ಪ ಒರಟಾಗಿ ಹೇಳಿದೆ ಅನ್ನಿಸುತ್ತೆ, ಅದಕ್ಕೆ ಬೇಜಾರಿದೆ. ಆದರೆ ಮಾತು ವಾಪಸ್ ತಗೊಳ್ಳುವುದಿಲ್ಲ. ಈ ರೋಗ ಒಂದು ಧರ್ಮದ್ದಲ್ಲ ಅನ್ನೋದನ್ನೂ ಹೇಳಬೇಕು. ಹರಕೆ ತೀರಿಸಲಿಲ್ಲ ಅದಕ್ಕೇ ಹೀಗಾಯ್ತು, ಪೂರ್ವಜನ್ಮದ ಕರ್ಮ, ನಿನ್ನ ಕಾಲ್ಗುಣ, ಇವೆಲ್ಲ ನಮ್ಮ ಮನೆಗಳ ಮಾತುಗಳೇ. ಬಿದ್ದವನನ್ನೇ ತಪ್ಪಿತಸ್ಥ ಮಾಡುವ ಜಾಣತನ ಎಲ್ಲರಿಗೂ ಗೊತ್ತು.

ಸಾಕ್ಷಿ ಹೇಳಬೇಡಿ ಅಂದಿದ್ದೆನಲ್ಲ, ಕೇಳಲಿಲ್ಲ. 2024ರ ಮಾರ್ಚ್ 29, ಶುಭ ಶುಕ್ರವಾರ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳನ್ನು ಅವರ ಸಭೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಒಬ್ಬೊಬ್ಬರು ಒಂದೊಂದಾಗಿ ಧ್ಯಾನಿಸುತ್ತಾರೆ. ನಾಲ್ಕನೆಯದು, "ಯಾಕೆ ಕೈಬಿಟ್ಟೆ" ಅನ್ನೋದು, ಯಾರಿಗೂ ಅಷ್ಟು ಇಷ್ಟದ್ದಲ್ಲವಂತೆ. ಯಜಮಾನರು ಸಭಾಪಾಲಕರ ಹತ್ತಿರ ಹೋಗಿ ಅದನ್ನು ಕೇಳಿ ಪಡೆದರು. ಬೋಧನೆ ಏನೂ ಮಾಡಲಿಲ್ಲವಂತೆ. ನಾಲ್ಕೈದು ನಿಮಿಷ, ತಮ್ಮ ತೋಟದ ಕಥೆ. ಕೊನೆಗೆ ಹಬಕ್ಕೂಕನ ಮೂರನೇ ಅಧ್ಯಾಯದ ಮಾತು: ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲ ಕೊಡದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ...

"ಮಧ್ಯೆ ಟೊಮ್ಯಾಟೊ ಸೇರಿಸಿ ಓದಿದೆ ಮೇಡಂ, ತಪ್ಪಾ?" ಅಂತ ನನ್ನನ್ನು ಕೇಳಿದರು.

ಅದರ ಮುಂದಿನ ವಚನ, "ಆದರೂ ನಾನು ದೇವರಲ್ಲಿ ಸಂತೋಷಪಡುವೆ" ಅನ್ನುವುದು. ಅದನ್ನು ಓದಲಿಲ್ಲವಂತೆ. "ಆ ಆದರೂವರೆಗೆ ನಾನಿನ್ನೂ ಬಂದಿಲ್ಲ, ಇಲ್ಲಿಗೆ ನಿಲ್ಲಿಸ್ತೀನಿ ಅಂತ ಹೇಳಿ ಬಂದು ಕೂತೆ." ಸಭೆಯಲ್ಲಿ ಉಸಿರು ಕೇಳುವಷ್ಟು ಮೌನವಂತೆ. ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ಕೈ ಹಿಡಿದುಕೊಂಡು, ನನ್ನ ಮಗ ಹೋಗಿ ಹನ್ನೊಂದು ವರ್ಷ ಆಯ್ತಪ್ಪ, ಅಂದಿನಿಂದ ಸುಮ್ನೆ ಬಾಯಿ ಆಡಿಸ್ತೀನಿ, ಹಾಡೋದಿಲ್ಲ ಅಂದರಂತೆ. ಆ ಅಜ್ಜಿಗೆ ಈಗ ವಾರಕ್ಕೊಂದು ದಿನ ಇವರು ಹೋಗಿ ಕೀರ್ತನೆ ಓದಿ ಬರುತ್ತಾರೆ. ನನ್ನ ಸಲಹೆ ಮೀರಿದ್ದು ಒಳ್ಳೆಯದೇ ಆಯಿತು. ಆದರೂ ಸಲಹೆ ತಪ್ಪಿತ್ತು ಅಂತ ಒಪ್ಪುವುದಿಲ್ಲ. ನಾನು ಬೇಡ ಅಂದದ್ದು ಗೆದ್ದವರ ಸಾಕ್ಷಿಯನ್ನು. ಇವರು ಹೇಳಿದ್ದು ಅದಲ್ಲ.

ಚಿಕ್ಕಪ್ಪನ ಮಗನ ಜೊತೆ ಇನ್ನೂ ಮಾತು ಅಷ್ಟಕ್ಕಷ್ಟೇ. ಚರ್ಚಿನ ಬೀಗದ ಕೈ ವಾಪಸ್ ಬಂದಿದೆ. ಎಕರೆ ಟೊಮ್ಯಾಟೊ ಕಡಿಮೆ ಮಾಡಿ ಹಿಪ್ಪುನೇರಳೆ ಹಾಕಿದ್ದಾರೆ. ಗುಳಿಗೆಯ ಪ್ರಮಾಣವನ್ನು ವೈದ್ಯರು ನಿಧಾನಕ್ಕೆ ಇಳಿಸುತ್ತಿದ್ದಾರೆ.

ಕೊನೆಯ ಸಲ ಬಂದಾಗ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ, "ಮೊನ್ನೆ ಆ 'ಆದರೂ' ಓದಿದೆ" ಅಂದರು.

"ಏನಾಗಿತ್ತು ಮೊನ್ನೆ?"

"ಏನಿಲ್ಲ. ಮಳೆನೂ ಬಂದಿರಲಿಲ್ಲ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಮೇಡಂ, ಆ ಚೀಟಿ ನಿಮ್ಮ ಫೈಲಲ್ಲೇ ಇದೆಯಾ? ಕೊಡ್ತೀರಾ? ಅದರ ಹಿಂದುಗಡೆ ಮಂಡಿ ಲೆಕ್ಕ ಇದೆ, ಅವರಿಂದ ಸಾವಿರದ ಚಿಲ್ಲರೆ ಬಾಕಿ ಬರಬೇಕು. ಚೀಟಿ ತೋರಿಸಿದರೆ ಕೊಡ್ತೀವಿ ಅಂತಾವ್ರೆ."

ಹೆಸರುಗಳನ್ನು ನನ್ನ ಡೈರಿಗೆ ಬರೆದುಕೊಂಡು, ನೊವೊಮಿಯನ್ನೂ ಸೇರಿಸಿ, ಚೀಟಿ ವಾಪಸ್ ಕೊಟ್ಟೆ.